ಹೊಸಿಲ ಹುಡಿ

ನಾಲ್ಕು ವರ್ಷದ ಹಿಂದಿನವರೆಗೂ ನಮ್ಮೂರಿನ ಜನ ಬೆಳಗಿನ ಹೊತ್ತು ಬೀದಿಯಲ್ಲಿ ತಲೆ ಎತ್ತಿಕೊಂಡೇ ನಡೆಯುತ್ತಿದ್ದರು. ಹೊಸಬರು ನೋಡಿದರೆ ಇವರಿಗೆಲ್ಲ ಏನೋ ಜಂಬ ಅಂದುಕೊಳ್ಳಬೇಕು, ಇಲ್ಲವೇ ಊರಿಗೂರೇ ಕಾಗೆ ಎಣಿಸುತ್ತಿದೆ ಅಂದುಕೊಳ್ಳಬೇಕು. ಅದು ಜಂಬವಲ್ಲ, ಮರ್ಯಾದೆ. ಬೆಳಕು ಹರಿಯುವ ಹೊತ್ತಿಗೆ ನಮ್ಮಲ್ಲಿ ಪ್ರತಿ ಮನೆಯ ಹೊಸಿಲ ಮೇಲೂ ಒಂದು ಚಿಟಿಕೆ ಹುಡಿ ಕೂತಿರುತ್ತದೆ. ಹಿಂದಿನ ದಿನ ಆ ಮನೆಯೊಳಗೆ ಏನೇನು ನಡೆಯಿತೋ ಎಲ್ಲವೂ ಅದರಲ್ಲಿರುತ್ತದೆ. ಯಾರು ಕೆಮ್ಮಿದರು, ಯಾರು ಉಣ್ಣದೆ ಮಲಗಿದರು, ಎಣ್ಣೆ ಡಬ್ಬಿಯ ತಳ ಕಂಡಿತೇ, ಗಂಡ ಹೆಂಡಿರು ಮಾತು ಬಿಟ್ಟು ಎಷ್ಟು ದಿನವಾಯಿತು, ಎಲ್ಲ. ಮನೆಯಾಕೆ ಎದ್ದವಳೇ ಒದ್ದೆ ಬಟ್ಟೆ ಹಿಡಿದು ಬಂದು, ಒಂದು ಸಲ ಬಗ್ಗಿ ನೋಡಿ, ಒರೆಸಿಹಾಕುತ್ತಿದ್ದಳು. ಅವಳು ಒರೆಸುವ ತನಕ ದಾರಿಯಲ್ಲಿ ಹೋಗುವವರು ಆಕಾಶ ನೋಡಿಕೊಂಡು ಹೋಗಬೇಕು. ಹಾಗೆ ಹೋಗಿ ಚರಂಡಿಗೆ ಬಿದ್ದವರಿದ್ದಾರೆ. ಬಿದ್ದವರನ್ನು ನೋಡಿ ಯಾರೂ ನಗುತ್ತಿರಲಿಲ್ಲ.

ಹುಡಿ ಎಲ್ಲಿಂದ ಬರುತ್ತದೆ ಎಂದು ನನ್ನನ್ನು ಕೇಳಬೇಡಿ. ಬರುತ್ತದೆ, ಅಷ್ಟೆ. ತನ್ನ ಮನೆಯ ಹುಡಿಯನ್ನು ಮನೆಯಾಕೆ ಅಷ್ಟಿಷ್ಟು ಓದಬಲ್ಲಳು. ಮಗುವಿಗೆ ಹಲ್ಲು ಬರುತ್ತಿದೆ, ಅತ್ತೆಯ ಮಂಡಿ ನೋವು ಏರಿದೆ, ಇಷ್ಟು ತಿಳಿಯುತ್ತದೆ. ಅದಕ್ಕಿಂತ ಸೂಕ್ಷ್ಮದ್ದು ಏನಾದರೂ ಕಂಡು ಎದೆ ಡವಡವ ಅಂದರೆ ಹುಡಿಯನ್ನು ವೀಳ್ಯದೆಲೆಗೆ ಹಾಕಿಕೊಂಡು ನಮ್ಮಮ್ಮನ ಹತ್ತಿರ ಬರುತ್ತಿದ್ದರು. ಅಮ್ಮ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಬಂದವಳ ಕಿವಿಯಲ್ಲಷ್ಟೇ ಹೇಳುತ್ತಿದ್ದಳು. ಪಕ್ಕದಲ್ಲಿ ಕೂತ ನನಗೂ ಕೇಳಿಸುತ್ತಿರಲಿಲ್ಲ. ನೋಡಿ ನೋಡಿ ನಾನೂ ಕಲಿತೆ. ಅಮ್ಮ ತೀರಿಕೊಂಡ ಮೇಲೆ ಎಲೆ ಹಿಡಿದವರು ನನ್ನ ಬಳಿ ಬಂದು, ಒಂದು ತೆಂಗಿನಕಾಯಿಯೋ ಎರಡು ಬಾಳೆಹಣ್ಣೋ ಇಟ್ಟು ಹೋಗುತ್ತಿದ್ದರು. ಹೊಟ್ಟೆಪಾಡಿಗೆ ಹಪ್ಪಳ ಒತ್ತುತ್ತಿದ್ದೆ. ಗಂಡ ಅನ್ನುವವನು ಮದುವೆಯಾದ ಮೂರನೇ ವರ್ಷ ಪಕ್ಕದೂರಿಗೆ ಹೋಗಿಬರುತ್ತೇನೆ ಎಂದು ಹೋದವನು ಇನ್ನೂ ಪಕ್ಕದೂರಿನಲ್ಲೇ ಇದ್ದಾನೆ. ಅವನ ಸುದ್ದಿ ಇಲ್ಲಿ ಬೇಡ.

ಆಮೇಲೆ ಕಂಪನಿ ಬಂತು. ಬಸ್ ಸ್ಟ್ಯಾಂಡಿನ ಎದುರಿಗೆ ಮುಚ್ಚಿಹೋಗಿದ್ದ ಟಾಕೀಸನ್ನು ಬಾಡಿಗೆಗೆ ಹಿಡಿದು, ಸುಣ್ಣ ಹೊಡೆಸಿ, ಸಾಲಾಗಿ ಟ್ಯೂಬ್‌ಲೈಟು ಹಾಕಿತು. ಮ್ಯಾನೇಜರು ನಿರಂಜನ ಎನ್ನುವವನು, ಮೂವತ್ತು ದಾಟಿರಲಾರದು. ಎಂಥ ಸಿಡುಕರ ಹತ್ತಿರವೂ ಮೆಲ್ಲಗೆ ಮಾತಾಡುವವನು. ಅವನೇ ಮನೆಮನೆಗೂ ಬಂದು ಕೈ ಮುಗಿದ. “ಅಮ್ಮಾ, ದಿನಾ ಎದ್ದು ಬಗ್ಗಿ ಹೊಸಿಲು ಒರೆಸೋ ಕಷ್ಟ ನಿಮಗ್ಯಾಕೆ? ನೀವು ಏಳೋದರೊಳಗೆ ನಮ್ಮ ಹುಡುಗೀರು ಬಂದು ಗುಡಿಸಿಕೊಂಡು ಹೋಗ್ತಾರೆ. ಪುಕ್ಕಟೆ. ಹೇಗೂ ನೀವು ಚೆಲ್ಲೋದೇ ತಾನೆ?” ಹೇಗೂ ಚೆಲ್ಲುವುದೇ. ಈ ಮಾತಿಗೆ ಊರೇ ತಲೆದೂಗಿತು. ಒಪ್ಪಿದ ಮನೆಗೆ ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ ಬೇರೆ ಉಡುಗೊರೆ. ನಮ್ಮೂರ ಹೆಂಗಸರು ಸ್ಟೀಲ್ ಡಬ್ಬಿ ಅಂದರೆ ಏನನ್ನು ಬೇಕಾದರೂ ಕೊಟ್ಟುಬಿಟ್ಟಾರು. ಎರಡೇ ತಿಂಗಳಲ್ಲಿ ಮುಕ್ಕಾಲು ಊರಿನ ಹೊಸಿಲುಗಳು ಕಂಪನಿಯ ಪಾಲಾದವು.

ಮೊದಮೊದಲು ಎಲ್ಲರಿಗೂ ಹಬ್ಬ. ಮನೆಯಲ್ಲಿ ಇಂಗು ಮುಗಿದ ದಿನವೇ ಅಂಗಡಿಯವನು ಇಂಗಿನ ಡಬ್ಬಿ ಎತ್ತಿ ತೋರಿಸುತ್ತಿದ್ದ. ಬೇಕರಿಯವನು ಎಷ್ಟು ಬನ್ನು ಖರ್ಚಾಗುತ್ತದೋ ಅಷ್ಟೇ ಬೇಯಿಸುತ್ತಿದ್ದ, ಸಂಜೆಗೆ ಒಂದೂ ಒಣಗಿ ಉಳಿಯುತ್ತಿರಲಿಲ್ಲ. ಚಪ್ಪಲಿ ಅಂಗಡಿಯವನಿಗೆ ಯಾರ ಮನೆಯ ಮಗುವಿನ ಪಾದ ಎಷ್ಟು ಬೆಳೆದಿದೆ ಎಂದು ತಾಯಿಗಿಂತ ಮೊದಲೇ ತಿಳಿಯುತ್ತಿತ್ತು. ಜನ ಇದನ್ನೆಲ್ಲ ಹೇಳಿಕೊಂಡು ಹಿಗ್ಗಿದರು. ಅಂಗಡಿಯವನು ತಮ್ಮನ್ನು ಅಷ್ಟು ಹಚ್ಚಿಕೊಂಡಿದ್ದಾನಲ್ಲ ಎಂದು ಕೆಲವರಿಗೆ ಕಣ್ಣಲ್ಲಿ ನೀರೇ ಬಂತು. ಆಮೇಲೆ ಒಂದು ವಿಷಯ ನಿಧಾನಕ್ಕೆ ಗಮನಕ್ಕೆ ಬಂತು. ಅಂಗಡಿಗಳಲ್ಲಿ ಚೌಕಾಸಿ ನಿಂತುಹೋಗಿತ್ತು. ಕೆಮ್ಮಿನ ಔಷಧಿ ನಿಮಗೆ ಬೇಕೇ ಬೇಕು ಎಂದು ಎದುರಿಗಿದ್ದವನಿಗೆ ಮೊದಲೇ ಗೊತ್ತಿದ್ದರೆ, ಬೇಡ ಬಿಡಪ್ಪ ಎಂದು ನಾಲ್ಕು ಹೆಜ್ಜೆ ನಡೆದು ನಾಟಕ ಆಡುವುದಾದರೂ ಹೇಗೆ? ಆಡಿದರೂ ಅವನು ಕರೆಯುತ್ತಿರಲಿಲ್ಲ. ನಗುತ್ತಾ ಕೂತಿರುತ್ತಿದ್ದ. ನೀವೇ ತಿರುಗಿ ಬರಬೇಕಿತ್ತು.

ಇಷ್ಟು ಬಾಯಿ ಮಾಡುವ ಈ ಅಂಬುಜಮ್ಮ ಆಗ ಎಲ್ಲಿದ್ದಳು ಎಂದು ನೀವು ಕೇಳಬಹುದು. ಕೇಳಬೇಕಾದ್ದೇ. ಟಾಕೀಸಿನೊಳಗೆ, ಮೂರನೇ ಸಾಲಿನ ಮೇಜಿನಲ್ಲಿ ಕೂತಿದ್ದಳು. ಹುಡಿ ಓದಲು ಬರುವ ಹನ್ನೊಂದು ಹೆಂಗಸರನ್ನು ಕಂಪನಿ ಹುಡುಕಿ ಕೆಲಸಕ್ಕೆ ಹಾಕಿಕೊಂಡಿತ್ತು. ನಾನು ಹನ್ನೊಂದರಲ್ಲಿ ಹಿರಿಯಳು. ಬೆನ್ನಿಗೆ ಒರಗು ಇರುವ ಕುರ್ಚಿ, ತಲೆಯ ಮೇಲೆ ಫ್ಯಾನು, ಎರಡು ಹೊತ್ತು ಟೀ, ಬಿಸ್ಕತ್ತು. ಇಪ್ಪತ್ತು ವರ್ಷ ನೆಲದ ಮೇಲೆ ಕೂತು ಹಪ್ಪಳ ಒತ್ತಿದವಳು ನಾನು. ಆ ಕುರ್ಚಿಗೆ ಮರುಳಾದೆ. ನಿರಂಜನ ನನ್ನನ್ನು ಅಂಬುಜಮ್ಮನವರೇ ಎಂದು ಕರೆದು, ನಿಮ್ಮಂಥವರ ವಿದ್ಯೆ ಮೂಲೆಯಲ್ಲಿ ಕೊಳೆಯಬಾರದು ಎಂದಾಗ ನನಗೆ ತಲೆ ನಿಲ್ಲಲಿಲ್ಲ. ಯಾರಾದರೂ ಕಂಪನಿಯನ್ನು ಬೈದರೆ ಅವರ ಮೇಲೆ ನಾನೇ ಏರಿ ಹೋಗುತ್ತಿದ್ದೆ.

ಕೆಲಸ ಹೀಗೆ. ಬೆಳಿಗ್ಗೆ ಹುಡಿಯ ಪೊಟ್ಟಣಗಳು ಬರುತ್ತಿದ್ದವು. ಪೊಟ್ಟಣದ ಮೇಲೆ ಹೆಸರಿಲ್ಲ, ಬೀದಿಯಿಲ್ಲ, ಬರೀ ನಂಬರು. ಆ ನಂಬರೂ ದಿನಾ ಬದಲಾಗುತ್ತಿತ್ತು. ನಾವು ಓದಿ ಚೀಟಿಯ ಕಾಲಂಗಳನ್ನು ತುಂಬಬೇಕು. ಆ ಚೀಟಿಗಳನ್ನು ಕಂಪನಿ ಅಂಗಡಿಯವರಿಗೆ ಮಾರುತ್ತಿತ್ತು. ಆದರೆ ಕಂಡದ್ದನ್ನು ಬರೆಯುವಂತಿಲ್ಲ. ಬೇಕಾಗುವುದನ್ನು ಬರೆಯಬೇಕು. ಮೊದಲ ದಿನ ನಾನು ಒಂದು ಚೀಟಿಯಲ್ಲಿ ‘ಮಗುವಿಗೆ ಜ್ವರ’ ಎಂದು ಬರೆದಿದ್ದೆ. ನಿರಂಜನ ಅದನ್ನು ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತ. “ಅಂಬುಜಮ್ಮನವರೇ, ಜ್ವರ ಅನ್ನೋದು ಅವರ ಮನೆ ಗುಟ್ಟು. ಅದು ನಮಗೆ ಬೇಡ. ಬ್ರೆಡ್ಡು, ಗ್ಲೂಕೋಸು, ಮಾತ್ರೆ ಅಂತ ಬರೀರಿ.” ಎಷ್ಟು ಮರ್ಯಾದಸ್ಥ ಹುಡುಗ ಅಂದುಕೊಂಡೆ. ಆಮೇಲೆ ರೂಢಿಯಾಯಿತು. ಜಗಳವಾಗಿದ್ದ ಮನೆಗೆ ‘ಹೊಸ ತಟ್ಟೆ’ ಎಂದು ಬರೆದೆ. ಮಾತಾಡಲು ಯಾರೂ ಇಲ್ಲದ ಮುದುಕನಿಗೆ ‘ರೇಡಿಯೋ’ ಎಂದು ಬರೆದೆ. ಇನ್ನೆರಡು ದಿನವೂ ಕಳೆಯದ ಒಂದು ಜೀವಕ್ಕೆ ‘ಬಿಳಿ ಬಟ್ಟೆ, ನಾಲ್ಕು ಮೊಳ’ ಎಂದು ಬರೆದು, ಮುಂದಿನ ಪೊಟ್ಟಣ ಬಿಚ್ಚಿದೆ.

ನನ್ನ ತಂಗಿ ತಾರಾ ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು. ಅಮ್ಮ ಹೋದಾಗ ಇನ್ನೂ ಲಂಗ ಉಡುತ್ತಿದ್ದಳು. ನಾನೇ ಜಡೆ ಹಾಕಿ, ಶಾಲೆಗೆ ಕಳಿಸಿ, ಮಿಕ್ಸಿ ರಿಪೇರಿ ಮಾಡುವ ಪರಮೇಶಿಗೆ ಕೊಟ್ಟು ಮದುವೆ ಮಾಡಿದೆ. ಒಳ್ಳೆಯ ಗಂಡು, ಯಾರ ಗೊಡವೆಗೂ ಹೋಗದವನು. ಅವಳಿಗೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಹೋಯಿತು. ಒಂದು ಮೂರು ತಿಂಗಳಿಗೆ, ಇನ್ನೊಂದು ಐದಕ್ಕೆ. ಮೂರನೆಯದು ನಿಂತಾಗ ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ನನಗೊಬ್ಬಳಿಗೆ. ಗಂಡನಿಗೂ ಇನ್ನೂ ಹೇಳಿರಲಿಲ್ಲ. “ಐದು ಕಳೀಲಿ ಅಕ್ಕ. ಅವರು ಆಸೆ ಪಟ್ಟುಕೊಂಡು ಆಮೇಲೆ ಮುಖ ಸಪ್ಪಗೆ ಮಾಡ್ಕೊಂಡು ಕೂತ್ರೆ ನನಗೆ ನೋಡಕ್ಕಾಗಲ್ಲ” ಎಂದಿದ್ದಳು.

ಅದಾಗಿ ನಾಲ್ಕನೇ ದಿನಕ್ಕೆ ತೊಟ್ಟಿಲಂಗಡಿಯ ಕರಿಸಿದ್ದಪ್ಪ ಅವಳ ಮನೆಗೆ ಒಂದು ಗಿಲಕಿ ಕಳಿಸಿದ. ಬಣ್ಣದ ಕಾಗದ ಸುತ್ತಿ, ಅಂಗಡಿಯ ವಿಳಾಸದ ಚೀಟಿ ಅಂಟಿಸಿ. ಬಾಗಿಲು ತೆಗೆದದ್ದು ಪರಮೇಶಿ. ಹೆಂಡತಿ ಬಸುರಿ ಎನ್ನುವ ಸುದ್ದಿಯನ್ನು ಅವನು ಗಿಲಕಿಯ ಬಾಯಿಂದ ಕೇಳಿದ. ತಾರಾ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಉರಿಯುತ್ತಾ ನನ್ನ ಮನೆಗೆ ಬಂದಳು.

“ಹೆಸರೇ ಇರಲ್ಲ, ಬರೀ ನಂಬರು ಅಂತಿದ್ದೆ. ಈ ಗಿಲಕಿ ನಂಬರಿನ ಮನೆಗೆ ಹೋಗ್ಲಿಲ್ಲ, ನನ್ನ ಮನೆಗೆ ಬಂತು!” ಎಂದಳು.

“ಸಾಗಣೆಯೋರು ನಂಬರಿಗೆ ಮನೆ ಜೋಡಿಸ್ತಾರೆ ಕಣೇ. ಅವರಿಗೆ ವಿಷಯ ಏನೂ ಗೊತ್ತಿರಲ್ಲ. ಇಂಥ ನಂಬರಿಗೆ ಗಿಲಕಿ ಅಂತ ಅಷ್ಟೇ.”

“ಗಿಲಕಿ ಯಾಕೆ ಅಂತ ತಿಳ್ಕೊಳ್ಳಕ್ಕೆ ಬಿಎ ಓದ್ಬೇಕಾ ಅಕ್ಕ? ನಾಳೆಯಿಂದ ನನ್ನ ಹೊಸಿಲು ನಾನೇ ಒರೆಸ್ಕೋತೀನಿ. ಡಬ್ಬಿ ನೀನೇ ವಾಪಸ್ ಕೊಡು.”

ಅವಳ ಮಾತು ಕೇಳಿದ್ದರೆ? ಕೇಳಲಿಲ್ಲ. ಓದುವ ಹೆಂಗಸರ ಮನೆಯವರೇ ಡಬ್ಬಿ ಹಿಂದೆ ಕೊಟ್ಟರೆ ಮೇಜಿನಲ್ಲಿ ನನ್ನ ಮುಖ ಏನಾಗಬೇಕು ಎಂದು ನಾನು ಯೋಚಿಸಿದೆ. ಸ್ವಂತ ತಂಗಿಗೆ ಸಮಾಧಾನ ಹೇಳಿ, ಇಲ್ಲದ್ದೆಲ್ಲ ತಲೆಗೆ ಹಚ್ಚಿಕೊಳ್ಳಬೇಡ, ಸುಮ್ಮನೆ ಆರಾಮಾಗಿರು, ಬಗ್ಗಿ ಒರೆಸುವುದು ಬಸುರಿಗೆ ಒಳ್ಳೆಯದೂ ಅಲ್ಲ ಎಂದು ಸಾಗಹಾಕಿದೆ. ಈ ಮಾತನ್ನು ಬರೆಯುವಾಗ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ತಮಾಷೆ ಏನೆಂದರೆ, ಸ್ವಲ್ಪ ದಿನದಲ್ಲಿ ತಾರಾಳ ಸಿಟ್ಟು ತಾನಾಗಿಯೇ ಇಳಿಯಿತು. ಅಂಗಡಿಗಳಿಂದ ಒಂದಾದ ಮೇಲೊಂದು ಬರತೊಡಗಿದವು. ಒಬ್ಬ ಬಾದಾಮಿಯ ಸಣ್ಣ ಪೊಟ್ಟಣ ಕಳಿಸಿದ, ಇನ್ನೊಬ್ಬ ಸಡಿಲ ಜಂಪರಿನ ಬಟ್ಟೆಯ ತುಂಡು ಕಳಿಸಿದ. ಕರಿಸಿದ್ದಪ್ಪ ಬೀಟೆ ಮರದ ಒಂದು ತೊಟ್ಟಿಲನ್ನು ಅಂಗಡಿಯ ಮುಂದಿನ ಗಾಜಿನೊಳಗೆ ಇಟ್ಟು, ಅದಕ್ಕೆ ‘ಕಾದಿರಿಸಿದೆ’ ಎಂದು ಕಾಗದ ಅಂಟಿಸಿ, ಇದು ನಿಮಗೇ ಎಂದು ಪರಮೇಶಿಗೆ ಹೇಳಿ ಕಳಿಸಿದ. ತಾರಾ ಪ್ರತಿದಿನ ಸಂಜೆ ತರಕಾರಿಗೆ ಹೋಗುವ ನೆಪದಲ್ಲಿ ಆ ಗಾಜಿನ ಮುಂದೆ ಒಂದು ಗಳಿಗೆ ನಿಂತು ಬರುತ್ತಿದ್ದಳು. ಒಂದು ದಿನ ನನ್ನ ಹತ್ತಿರ ಕೂತು, ಕಾಲು ನೀಡಿಕೊಂಡು ಹೇಳಿದಳು. “ಅಕ್ಕ, ಈ ಸಲ ನಿಲ್ಲುತ್ತೆ ಅನ್ಸುತ್ತೆ. ವ್ಯಾಪಾರದೋರು ಲೆಕ್ಕ ಇಲ್ದೆ ಏನೂ ಮಾಡಲ್ಲ. ಮುಳುಗೋ ಕಡೆ ಯಾರಾದ್ರೂ ತೊಟ್ಟಿಲು ಇಡ್ತಾರಾ ಹೇಳು?” ಡಾಕ್ಟರು ಹೇಳಿದ್ದನ್ನು, ದೇವರಿಗೆ ಹರಕೆ ಹೊತ್ತದ್ದನ್ನು ನಂಬದ ನನ್ನ ತಂಗಿ ಕರಿಸಿದ್ದಪ್ಪನ ಗಾಜನ್ನು ನಂಬಿದಳು. ನಾನೂ ಅದಕ್ಕೆ ಹೂಂ ಅಂದೆ.

ಅವಳಿಗೆ ನಾಲ್ಕು ತುಂಬಿ ಐದರಲ್ಲಿ ಬಿದ್ದಿತ್ತು. ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಟೀ ಬರುವುದಕ್ಕೆ ಸ್ವಲ್ಪ ಮುಂಚೆ, ನಾನು ನಲವತ್ತೇಳನೇ ನಂಬರಿನ ಪೊಟ್ಟಣ ಬಿಚ್ಚಿದೆ. ಬಿಚ್ಚಿದವಳೇ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ. ಬಸುರಿ ಇರುವ ಮನೆಯ ಹುಡಿಯಲ್ಲಿ ಬಿಳಿಯ ಜೊತೆಗೆ ಒಂದು ಕೆಂಪೆಳೆ ಹೆಣೆದುಕೊಂಡಿರುತ್ತದೆ. ಇದರಲ್ಲಿ ಕೆಂಪು ಬಿಳಿಯಿಂದ ಬಿಟ್ಟುಕೊಂಡಿತ್ತು. ಪೂರ್ತಿ ಅಲ್ಲ, ಒಂದು ತುದಿಯಲ್ಲಿ. ಬಸಿರು ಸಡಿಲವಾಗಿದೆ, ಆದರೆ ಇನ್ನೂ ಇದೆ, ಹೊತ್ತಿದೆ ಎಂದು ಅದರ ಅರ್ಥ. ಅಮ್ಮ ಇದ್ದಿದ್ದರೆ ಎಲೆ ತಂದವಳನ್ನು ಅಲ್ಲೇ ಮಲಗಿಸಿ, ಗಾಡಿಗೆ ಹೇಳಿಕಳಿಸುತ್ತಿದ್ದಳು. ನನಗೆ ತಾರಾ ನೆನಪಾದಳು. ನೆನಪಾದದ್ದಕ್ಕೆ ಬಿಡ್ತು ಬಿಡ್ತು ಎಂದು ಬಾಯಿ ಬಡಿದುಕೊಂಡೆ. ಊರಲ್ಲಿ ಆ ತಿಂಗಳು ಮೂವತ್ತಕ್ಕೂ ಹೆಚ್ಚು ಬಸುರಿಯರಿದ್ದರು. ಪೊಟ್ಟಣ ಹಿಡಿದು ನಿರಂಜನನ ಮೇಜಿಗೆ ಹೋದೆ.

“ಸಾರ್, ಈ ಮನೆಯೋರಿಗೆ ಹೇಳ್ಬೇಕು. ಈಗಲೇ ಹೇಳ್ಬೇಕು.”

“ಯಾವ ಮನೆ ಅಂತ ನಿಮಗೆ ಗೊತ್ತಾ?”

“ನನಗೆ ಹೇಗೆ ಗೊತ್ತಾಗ್ಬೇಕು? ನಿಮಗೆ ಗೊತ್ತಿರುತ್ತಲ್ಲ.”

“ನನಗೂ ಗೊತ್ತಿಲ್ಲಮ್ಮ. ಓದೋರಿಗೆ ಮನೆ ಗೊತ್ತಿರಬಾರದು, ಮನೆ ಗೊತ್ತಿರೋರು ಓದಬಾರದು. ಅದೇ ನಮ್ಮ ಶಿಸ್ತು. ಜನ ನಮ್ಮನ್ನ ನಂಬಿರೋದೇ ಅದಕ್ಕೆ. ಇವತ್ತು ಒಂದು ಮನೆಗೆ ಅಂತ ಆ ಬಾಗಿಲು ತೆಗೆದ್ರೆ ನಾಳೆ ಎಲ್ಲರ ಗುಟ್ಟೂ ಬೀದಿಗೆ ಬರುತ್ತೆ.” ಅವನು ಎಂದಿನ ಹಾಗೆ ಮೆಲ್ಲಗೇ ಮಾತಾಡಿದ. “ನೀವು ಒಂಬತ್ತನೇ ಕಾಲಂ ತುಂಬಿ, ಸಾಕು.”

ಒಂಬತ್ತನೇ ಕಾಲಂ ಎಂದರೆ ನಿಲ್ಲಿಸಬೇಕಾದ ಸರಕು. ಯಾವ ಮನೆಗೆ ಯಾವ ಸಾಮಾನು ಇನ್ನು ಬೇಕಾಗುವುದಿಲ್ಲವೋ ಅದನ್ನು ಅಲ್ಲಿ ಬರೆಯಬೇಕು, ಅಂಗಡಿಯವನಿಗೆ ನಷ್ಟವಾಗಬಾರದಲ್ಲ. ನಾನು ಕುರ್ಚಿಗೆ ವಾಪಸು ಬಂದೆ. ಒಂಬತ್ತನೇ ಕಾಲಂನಲ್ಲಿ ‘ತೊಟ್ಟಿಲು’ ಎಂದು ಬರೆದೆ. ಅಷ್ಟರಲ್ಲಿ ಟೀ ಬಂತು. ಕುಡಿದೆ. ಬಿಸ್ಕತ್ತನ್ನು ಅದ್ದಿಕೊಂಡು ತಿಂದೆ ಕೂಡ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ, ಕತ್ತು ಹಿಸುಕಿ ಕುಡಿಸಲಿಲ್ಲ.

ಸಂಜೆ ಐದೂವರೆಗೆ ನಾನು ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗ ತಾರಾ ಬಂದಳು. ಕೈಯಲ್ಲಿ ತರಕಾರಿ ಚೀಲ, ಒಳಗೆ ಏನೂ ಇರಲಿಲ್ಲ. ನಗಲು ನೋಡುತ್ತಿದ್ದಳು.

“ಅಕ್ಕ, ತೊಟ್ಟಿಲು ಇಲ್ಲ ಅಲ್ಲಿ. ಬೇರೆ ಏನೋ ಕುದುರೆ ಆಟಿಕೆ ಇಟ್ಟಿದಾರೆ. ಪಾಲೀಶಿಗೆ ಕೊಟ್ಟಿರ್ಬೇಕು ಅಲ್ವಾ?”

ಚೊಂಬನ್ನು ಅಲ್ಲೇ ಬಿಟ್ಟೆ. ನೋವಿದೆಯೇ ಎಂದು ಕೇಳಿದೆ, ಇಲ್ಲ ಎಂದಳು. ಬೆನ್ನು ಸ್ವಲ್ಪ ಭಾರ, ಅಷ್ಟೇ ಎಂದಳು. ಆಟೋ ಕೂಗಿ ಕರೆದು ಅವಳನ್ನು ಎತ್ತಿ ಕೂರಿಸಿದ ಹಾಗೆ ಕೂರಿಸಿದೆ. ದಾರಿಯುದ್ದಕ್ಕೂ ಅವಳು ನನ್ನನ್ನು ಬೈದಳು. ಪಾಲೀಶಿಗೆ ಕೊಟ್ಟ ತೊಟ್ಟಿಲಿಗೆ ಹೀಗೆ ಹೆದರುತ್ತಾರೇನೇ, ನಿನಗೆ ವಯಸ್ಸಾಯ್ತು ಎಂದಳು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅವಳ ಸೀರೆ ಒದ್ದೆಯಾಯಿತು. ಆಗ ನನ್ನ ತೋಳು ಹಿಡಿದಳು.

ಡಾಕ್ಟರಮ್ಮ ಒಂದು ಗಂಟೆಯ ಮೇಲೆ ಹೊರಗೆ ಬಂದರು. ಅಷ್ಟು ಹೊತ್ತಿಗೆ ಪರಮೇಶಿಯೂ ಓಡಿ ಬಂದಿದ್ದ, ಕೈಗೆಲ್ಲ ಗ್ರೀಸು. “ಬೆಳಿಗ್ಗೆಯೇ ಕರ್ಕೊಂಡು ಬಂದಿದ್ರೆ ಒಂದು ಹೊಲಿಗೆ ಹಾಕಿ ಮಲಗಿಸ್ತಿದ್ದೆ. ಉಳಿಯೋ ಸಾಧ್ಯತೆ ಇತ್ತು. ನಿಮಗೆ ಬೆಳಿಗ್ಗೆ ಏನೂ ಗೊತ್ತಾಗ್ಲಿಲ್ವಾ?” ಎಂದು ಕೇಳಿದರು. ನನ್ನನ್ನೇ ನೋಡಿ ಕೇಳಿದರು, ಹೆಂಗಸು ಎಂದು. ಮುಂಚಿನ ಹಾಗಿದ್ದರೆ ತಾರಾ ತನ್ನ ಹೊಸಿಲನ್ನು ತಾನೇ ನೋಡುತ್ತಿದ್ದಳು, ಎಲೆಯಲ್ಲಿ ಹಾಕಿಕೊಂಡು ಏಳು ಗಂಟೆಗೇ ನನ್ನ ಬಾಗಿಲಿಗೆ ಬರುತ್ತಿದ್ದಳು. ಅವಳ ಮನೆಯ ಸಂಗತಿ ಅವಳ ಮನೆಯಿಂದ ಹೊರಟು, ನನ್ನ ಮೇಜಿಗೆ ಬಂದು, ಕರಿಸಿದ್ದಪ್ಪನ ಅಂಗಡಿಗೆ ಹೋಗಿ, ಊರೆಲ್ಲ ಸುತ್ತಿತ್ತು. ಅವಳೊಬ್ಬಳ ಹತ್ತಿರ ಬಂದಿರಲಿಲ್ಲ.

ಮರುದಿನ ನಾನು ಮೊದಲು ಹೋದದ್ದು ಕರಿಸಿದ್ದಪ್ಪನ ಅಂಗಡಿಗೆ. ಹೋಗುವಾಗ ಅವನ ಗಾಜು ಒಡೆಯಬೇಕು ಎಂದುಕೊಂಡಿದ್ದೆ. ಅವನು ನನ್ನ ಮುಖ ನೋಡಿಯೇ ಎದ್ದು ನಿಂತ. “ಚೀಟಿ ಬಂತು ಅಂಬುಜಕ್ಕಾ. ಹನ್ನೊಂದೂವರೆಗೆ. ಪರಮೇಶಿ ಮನೆ, ತೊಟ್ಟಿಲು ನಿಲ್ಲಿಸಿ ಅಂತ. ಊರು ಬಿಡ್ತಾರೇನೋ, ಬೇರೆ ಕಡೆ ಕೊಂಡ್ರೇನೋ ಅಂದ್ಕೊಂಡೆ. ನಾನು ಯಾವತ್ತೂ ಯಾಕೆ ಅಂತ ಕೇಳಲ್ಲ. ಕೇಳಬಾರದು ಅಂತ ಮೊದಲೇ ಬರೆಸ್ಕೊಂಡಿದಾರೆ.” ತೊಟ್ಟಿಲು ಹಿಂದುಗಡೆ ಗೋಣಿ ಹೊದ್ದು ನಿಂತಿತ್ತು. ನನಗೆ ಸಂಗತಿ ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ಇವನಿಗೆ ಮನೆ ಗೊತ್ತಿತ್ತು, ಸಂಗತಿ ಗೊತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಇರುವುದು ಎರಡು ಬೀದಿ. ಗುರುವಾರ ಬೆಳಿಗ್ಗೆ ಹನ್ನೊಂದೂವರೆಗೆ ನಾನು ಸುಮ್ಮನೆ ಒಂದು ಕಾಲು ಕೆಜಿ ಬೆಲ್ಲಕ್ಕೆಂದು ಆ ಕಡೆ ಹೋಗಿದ್ದರೂ ಸಾಕಿತ್ತು.

ಅಲ್ಲಿಂದ ಸೀದಾ ಟಾಕೀಸಿಗೆ ಹೋದೆ. ನಿರಂಜನನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಎದ್ದು ಬಂದು ಕುರ್ಚಿ ಎಳೆದುಕೊಟ್ಟ. ನಾನು ಕೂರಲಿಲ್ಲ.

“ತುಂಬಾ ಬೇಜಾರಾಯ್ತು ಅಂಬುಜಮ್ಮನವರೇ. ಆದ್ರೆ ಒಂದು ಮಾತು. ನೀವು ಓದಿದ್ದು ಎಷ್ಟು ಸರಿ ಇತ್ತು ನೋಡಿ. ಕೂದಲೆಳೆಯಷ್ಟೂ ತಪ್ಪಿಲ್ಲ” ಎಂದ. ದೇವರಾಣೆಗೂ ಹಾಗೇ ಅಂದ. ನನಗೆ ಸಮಾಧಾನ ಹೇಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ.

“ಸರಿ ಇತ್ತಾ? ನಿನ್ನ ಸರಿಗೆ ಬೆಂಕಿ ಹಾಕ!” ಎಂದೆ. ಅಲ್ಲಿಯವರೆಗೆ ಅವನಿಗೆ ಬಹುವಚನ ಬಿಟ್ಟು ಮಾತಾಡಿದವಳಲ್ಲ. “ನಮ್ಮೂರಲ್ಲಿ ಇನ್ನೊಬ್ಬರ ಹುಡಿ ನೋಡಬಾರ್ದು ಅಂತಿತ್ತು, ನಿಜ. ಆದ್ರೆ ಅಕಸ್ಮಾತ್ ಕಣ್ಣಿಗೆ ಬಿದ್ದು, ಅದ್ರಲ್ಲಿ ಕೆಟ್ಟದ್ದು ಕಂಡ್ರೆ ಹಾಗೇ ಹೋಗೋ ಹಾಗಿರ್ಲಿಲ್ಲ. ಎಂಥ ಹಗೆ ಮನೆ ಆದ್ರೂ ಕದ ತಟ್ಟಿ ಹೇಳೇ ಮುಂದಕ್ಕೆ ಹೋಗ್ಬೇಕಿತ್ತು. ನೀವು ಊರೋರ ಹೊಸಿಲೆಲ್ಲ ನೆಕ್ಕಿ ನೋಡ್ತೀರಿ, ಒಂದು ಕದಾನೂ ತಟ್ಟಲ್ಲ. ತೊಟ್ಟಿಲು ಮಾರಾಟ ಆಗಲ್ಲ ಅಂತ ತೊಟ್ಟಿಲಿನೋನಿಗೆ ಹೇಳ್ತೀರಿ. ಮಗು ಹೋಗ್ತಿದೆ ಅಂತ ತಾಯಿಗೆ ಹೇಳಕ್ಕೆ ನಿಮ್ಮ ಶಿಸ್ತು ಅಡ್ಡ ಬರುತ್ತಾ?”

ಅವನು ಪೂರ್ತಿ ಕೇಳಿದ. ಕೇಳುತ್ತಾ ಕೇಳುತ್ತಾ ಜೇಬಿನಿಂದ ಪೆನ್ನು ತೆಗೆದು, ಮೇಜಿನ ಮೇಲಿದ್ದ ಕಾಗದಕ್ಕೆ ಏನೋ ಗೀಚಿಕೊಂಡ. “ಒಳ್ಳೇ ಮಾತು ಹೇಳಿದ್ರಿ. ಕದ ತಟ್ಟೋದನ್ನೇ ಒಂದು ಸೇವೆ ಅಂತ ಮಾಡ್ಬಹುದು. ಆಸ್ಪತ್ರೆಯೋರು ಖಂಡಿತ ತಗೋತಾರೆ. ಇನ್ನೊಂದು ಸಲ ಹೇಳ್ತೀರಾ, ಹಳೇ ಕಾಲದಲ್ಲಿ ಅದು ಹೇಗಿತ್ತು ಅಂತ?”

ಅವನ ಮೇಜಿನ ಮೇಲೆ ಆ ದಿನದ ಪೊಟ್ಟಣಗಳ ದೊಡ್ಡ ತಟ್ಟೆ ಇತ್ತು. ನಾನು ಒಂದೊಂದಾಗಿ ಬಿಚ್ಚಿ ಎಲ್ಲವನ್ನೂ ಫ್ಯಾನಿನ ಕೆಳಗೆ ಸುರಿದೆ. ಊರಿನ ಕೆಮ್ಮು, ಊರಿನ ಮುನಿಸು, ಊರಿನ ಖಾಲಿ ಡಬ್ಬಿಗಳು ಟಾಕೀಸಿನ ತುಂಬ ಹಾರಾಡಿದವು. ನಿರಂಜನ ಬಾಯಿ ಮುಚ್ಚಿಕೊಂಡು ಅವನ್ನು ಕೈಯಲ್ಲಿ ಹಿಡಿಯಲು ನೋಡಿದ. ಮೇಜಿನ ಮುಂದೆ ಕೂತಿದ್ದ ಹತ್ತು ಹೆಂಗಸರೂ ಹಿಂದೆ ಬೀದಿಯಲ್ಲಿ ಮಾಡುತ್ತಿದ್ದ ಹಾಗೆ, ಹುಡಿ ನೋಡದೆ, ಒಟ್ಟಿಗೇ ತಲೆ ಎತ್ತಿ ಸೂರು ನೋಡಿದರು. ಅವರನ್ನು ಕಂಡು ನನಗೆ ಮೊದಲ ಸಲ ಅಳು ಬಂತು. ಯಾರೂ ನನ್ನನ್ನು ತಡೆಯಲಿಲ್ಲ, ಯಾರೂ ನನ್ನ ಜೊತೆ ಎದ್ದು ಬರಲೂ ಇಲ್ಲ. ಕಂಪನಿ ಈಗಲೂ ನಡೆಯುತ್ತಿದೆ. ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದಾರೆ.

ಇಷ್ಟೆಲ್ಲ ಕೂಗಾಡಿದವಳಿಗೆ ಹೇಳಬೇಕಾದವಳ ಮುಂದೆ ಬಾಯಿ ಬರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ತಾರಾ ನನ್ನ ಮನೆಯಲ್ಲೇ ಇದ್ದಳು. ಮೆಣಸಿನ ಸಾರು ಮಾಡಿ ಬಡಿಸುತ್ತಿದ್ದೆ, ತಲೆಗೆ ಎಣ್ಣೆ ಒತ್ತುತ್ತಿದ್ದೆ, ಹೇಳುತ್ತಿರಲಿಲ್ಲ. ನಾನು ಕೆಲಸ ಬಿಟ್ಟದ್ದಕ್ಕೆ ತನ್ನ ಮೇಲಿನ ಅಕ್ಕರೆಯೇ ಕಾರಣ ಎಂದು ಅವಳು ತಿಳಿದಿದ್ದಳು. “ನನಗೋಸ್ಕರ ಅಂಥ ಕುರ್ಚಿ ಬಿಟ್ಟೆಯಲ್ಲ ಅಕ್ಕ” ಎಂದು ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡಳು. ಆ ಹಿಡಿತವನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ಕೈ ಬಿಡಿಸಿಕೊಂಡು, ಗೋಡೆಗೆ ಮುಖ ಮಾಡಿ ಎಲ್ಲವನ್ನೂ ಹೇಳಿದೆ. ನಲವತ್ತೇಳನೇ ನಂಬರು, ಹತ್ತೂವರೆ, ಒಂಬತ್ತನೇ ಕಾಲಂ. ಟೀ ಕುಡಿದದ್ದನ್ನೂ ಬಿಡಲಿಲ್ಲ.

ಬೈಯಲಿ ಎಂದು ಕಾದೆ. ಹೊಡೆದರೂ ಸರಿ ಎಂದು ಕಾದೆ. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ.

“ಆಸ್ಪತ್ರೇಲಿ ನನಗೆ ತೋರಿಸ್ಲಿಲ್ಲ. ಕೇಳಕ್ಕೆ ನನಗೂ ಧೈರ್ಯ ಬರ್ಲಿಲ್ಲ” ಎಂದಳು ಕೊನೆಗೆ. “ಹುಡೀಲಿ ಅದೂ ಕಾಣ್ತಿತ್ತಾ? ಗಂಡೋ ಹೆಣ್ಣೋ ಅನ್ನೋದು?”

ಕಾಣುತ್ತಿತ್ತು. ಬಟ್ಟೆ ಅಂಗಡಿಯವರಿಗೆ ಅದೂ ಬೇಕಿತ್ತು. ಅದನ್ನೂ ನಾನೇ ತುಂಬಿದ್ದೆ, ಅದೇ ಚೀಟಿಯಲ್ಲಿ, ನಿಲ್ಲಿಸಬೇಕಾದ ಸರಕಿನ ಸಾಲಿನಲ್ಲಿ, ತೊಟ್ಟಿಲಿನ ಕೆಳಗೆ.

“ಏನಂತ ಬರೆದಿದ್ದೆ?”

“ಫ್ರಾಕು ಅಂತ” ಎಂದೆ.

ತಾರಾ ನನ್ನ ಗಲ್ಲ ಹಿಡಿದು ಗೋಡೆಯ ಕಡೆಯಿಂದ ತನ್ನ ಕಡೆಗೆ ತಿರುಗಿಸಿಕೊಂಡಳು.

“ಫ್ರಾಕು ಅಲ್ಲ ಅಕ್ಕ. ನೀನಾದ್ರೂ ಸರಿಯಾಗಿ ಹೇಳು. ಮಗಳು ಅನ್ನು.”

“ಮಗಳು” ಎಂದೆ.

“ಇನ್ನೊಂದು ಸಲ ಹೇಳು.”